ಹಾಡನ್ನು ಎಣಿಸಿ ನೋಡಿದವನು

ಮದುವೆ ದಿಬ್ಬಣದಲ್ಲಿ ಬ್ಯಾಂಡ್‌ಸೆಟ್‌ನವರು ‘ನಾಗಿನ್’ ಟ್ಯೂನ್ ಎತ್ತಿಕೊಂಡರೆ ಸಾಕು, ಒಬ್ಬ ಕರವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಾವಾಡಿಗನಾಗುತ್ತಾನೆ, ಇನ್ನೊಬ್ಬ ಎರಡೂ ಅಂಗೈ ಜೋಡಿಸಿ ಹೆಡೆಯೆತ್ತಿ ನಡುರಸ್ತೆಯಲ್ಲೇ ಹೊರಳುತ್ತಾನೆ. ಈ ದೃಶ್ಯವಿಲ್ಲದ ಮೆರವಣಿಗೆಯನ್ನು ನಾನು ನೋಡಿದ್ದೇ ಕಡಿಮೆ. 1954ರ ಆ ಹಿಂದಿ ಚಿತ್ರದ ಸಂಗೀತ ನಿರ್ದೇಶಕರು ಹೇಮಂತ್ ಕುಮಾರ್. ಆದರೆ ಅಲ್ಲಿ ಕೇಳಿಸುವ ಪುಂಗಿ ಪುಂಗಿಯೇ ಅಲ್ಲ. ಮುಂದೆ ಕಲ್ಯಾಣ್‌ಜಿ–ಆನಂದ್‌ಜಿ ಜೋಡಿಯಾಗಿ ಹೆಸರು ಮಾಡಿದ ಕಲ್ಯಾಣ್‌ಜಿ ಅವರು ಕ್ಲಾವಿಯೊಲಿನ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ನುಡಿಸಿದ ನಾದ ಅದು. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸಬಲ್ಲ ಆ ವಾದ್ಯವನ್ನು 1947ರಲ್ಲಿ ರೂಪಿಸಿದವರು ಫ್ರಾನ್ಸಿನ ಕೋನ್‌ಸ್ತಾಂ ಮಾರ್ತಾಂ.

ಆ ಮಾರ್ತಾಂ ಅವರ ಮೊಮ್ಮಗ ನಿರ್ದೇಶಕ ಮಿಶೆಲ್ ಗೊಂಡ್ರಿ.

ಈ ನಂಟು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗೊಂಡ್ರಿಯ ಮ್ಯೂಸಿಕ್ ವಿಡಿಯೊಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿದವನು ನಾನು. ಎಲ್ಲೋ ವರ್ಸೈಲ್ಸ್‌ನಲ್ಲಿ ಹುಟ್ಟಿದ ಒಬ್ಬ ಹುಡುಗನ ಮನೆಯ ಸದ್ದು, ಅವನು ಹುಟ್ಟುವ ಮೊದಲೇ ನಮ್ಮ ಊರುಗಳ ಬೀದಿಗೆ ಬಂದು ಕುಣಿಸಿ ಹೋಗಿತ್ತು.

ಗೊಂಡ್ರಿ ಹುಟ್ಟಿದ್ದು 1963ರಲ್ಲಿ. ತಂದೆಗೆ ಡ್ಯೂಕ್ ಎಲಿಂಗ್ಟನ್‌ನ ಜಾಝ್ ಎಂದರೆ ಪ್ರಾಣ. ಹುಡುಗನಿಗೆ ಚಿತ್ರಕಾರನಾಗಬೇಕು, ಇಲ್ಲವೇ ಅಜ್ಜನ ಹಾಗೆ ಹೊಸ ಯಂತ್ರ ಕಂಡುಹಿಡಿಯಬೇಕು ಎಂಬ ಆಸೆ. ಕೊನೆಗೆ ಎರಡೂ ಒಂದೇ ಕೆಲಸದಲ್ಲಿ ಕೂಡಿಬಂದವು. ಹಾಲಿವುಡ್ ಅವನನ್ನು ಗುರುತಿಸಿದ್ದು 2004ರ ‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’ ಚಿತ್ರದಿಂದ. ಅವನ ಬಗ್ಗೆ ಬರೆಯುವವರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ, ಹಿಂದಿನದ್ದನ್ನೆಲ್ಲ ತಾಲೀಮು ಎಂಬಂತೆ ಒಂದು ಪ್ಯಾರಾದಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 80ರ ದಶಕದ ಕೊನೆಯಿಂದ 1997ರವರೆಗಿನ ಆ ಮೂರು, ನಾಲ್ಕು ನಿಮಿಷದ ತುಣುಕುಗಳಲ್ಲೇ ಗೊಂಡ್ರಿ ಪೂರ್ತಿಯಾಗಿ ಇದ್ದಾನೆ. ಅವನು ಮೊದಲು ಡ್ರಮ್ಮರ್, ಆಮೇಲೆ ನಿರ್ದೇಶಕ. ಹಾಡನ್ನು ಅವನು ಕೇಳಿದ್ದಕ್ಕಿಂತ ಹೆಚ್ಚಾಗಿ ಎಣಿಸಿದ್ದಾನೆ.

ಪ್ಯಾರಿಸ್ಸಿನಲ್ಲಿ ಕಲಾಶಾಲೆಯ ದಿನಗಳಲ್ಲಿ ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ‘ವುಯಿ ವುಯಿ’, ಅಂದರೆ ‘ಹೌದು ಹೌದು’. ಫ್ರೆಂಚ್ ಮಕ್ಕಳಿಗೆ ಅದು ಕಥೆಪುಸ್ತಕದ ‘ನಾಡಿ’ (Noddy) ಎಂಬ ಗೊಂಬೆಯ ಹೆಸರೂ ಹೌದು. ಹಾಡುವವನು ಎತಿಯೆನ್ ಶಾರಿ, ಡ್ರಮ್ಸ್ ಹಿಂದೆ ಗೊಂಡ್ರಿ. ಬ್ಯಾಂಡ್ ಅಂಥ ಹೆಸರು ಮಾಡಲಿಲ್ಲ, 1992ರ ಹೊತ್ತಿಗೆ ಚದುರಿಯೂ ಹೋಯಿತು. ಆದರೆ ಅದರ ಹಾಡುಗಳಿಗೆ ವಿಡಿಯೊ ಬೇಕಿತ್ತು, ಗೊಂಡ್ರಿಯ ಕೈಯಲ್ಲಿ 16 ಎಂ.ಎಂ.ನ ಒಂದು ಬೋಲೆಕ್ಸ್ ಕ್ಯಾಮೆರಾ ಇತ್ತು.

ಬೋಲೆಕ್ಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಈ ಕ್ಯಾಮೆರಾಕ್ಕೆ ಬ್ಯಾಟರಿ ಬೇಡ. ಹಳೆಯ ಗೋಡೆ ಗಡಿಯಾರದ ಹಾಗೆ ಕೀಲಿ ಕೊಡಬೇಕು. ಒಳಗಿನ ಸ್ಪ್ರಿಂಗ್ ಪೂರ್ತಿ ಬಿಗಿದರೆ ಅರ್ಧ ನಿಮಿಷಕ್ಕೂ ಕಡಿಮೆ ಹೊತ್ತು ಓಡುತ್ತದೆ, ಮತ್ತೆ ಕೀಲಿ. ನೂರು ಅಡಿಯ ಒಂದು ರೀಲಿನಲ್ಲಿ 4,000 ಚಿತ್ರ ಹಿಡಿಸುತ್ತವೆ. ಸೆಕೆಂಡಿಗೆ 24ರ ಲೆಕ್ಕದಲ್ಲಿ ಎರಡೂಮುಕ್ಕಾಲು ನಿಮಿಷ. ಆದರೆ ಇದರ ನಿಜವಾದ ಸೊಗಸು ಬೇರೆ ಕಡೆ ಇದೆ. ಓಡಿಸುವ ಬದಲು ಗುಂಡಿ ಒತ್ತಿ ಒಂದೊಂದೇ ಚಿತ್ರ ತೆಗೆಯಬಹುದು. ಎಷ್ಟು ಚಿತ್ರ ಆಯಿತೆಂದು ಮೈಮೇಲಿನ ಲೆಕ್ಕದ ಮುಳ್ಳು ತೋರಿಸುತ್ತದೆ. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಇನ್ನೊಂದು ಸಲ ಚಿತ್ರ ಮೂಡಿಸಬಹುದು.

ಈಗ ಇದನ್ನು ಡ್ರಮ್ಮರ್ ಒಬ್ಬನ ಕೈಗೆ ಕೊಟ್ಟು ನೋಡಿ. ಹಾಡಿನ ಓಟ ನಿಮಿಷಕ್ಕೆ 120 ಪೆಟ್ಟು ಎಂದಿಟ್ಟುಕೊಳ್ಳೋಣ. ಪೆಟ್ಟಿಗೆ ಅರ್ಧ ಸೆಕೆಂಡು, ಅಂದರೆ ಹನ್ನೆರಡು ಚಿತ್ರ. ಗೊಂಬೆಯೊಂದು ತಾಳಕ್ಕೆ ಸರಿಯಾಗಿ ಕಾಲು ನೆಲಕ್ಕಿಡಬೇಕಾದರೆ ಹನ್ನೆರಡನೆಯ ಚಿತ್ರದಲ್ಲಿ ಕಾಲು ನೆಲದಲ್ಲಿರಬೇಕು, ಆರನೆಯದರಲ್ಲಿ ಗಾಳಿಯಲ್ಲಿರಬೇಕು. ನಡುವಿನ ಹತ್ತು ಚಿತ್ರಗಳಲ್ಲಿ ಕಾಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ ಗುಂಡಿ ಒತ್ತುತ್ತ ಹೋಗಬೇಕು. ಬೇರೆಯವರಿಗೆ ಇದು ತಲೆನೋವಿನ ಕೆಲಸ. ದಿನವಿಡೀ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಲೇ ಬದುಕುವ ಡ್ರಮ್ಮರನಿಗೆ ಇದು ಅವನದೇ ಭಾಷೆ. ಶಾಲೆಯ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದರಂತೆ ಕಡ್ಡಿಮನುಷ್ಯನನ್ನು ಬರೆದು, ಹೆಬ್ಬೆರಳಲ್ಲಿ ಸರ್ರನೆ ಬಿಟ್ಟು ಓಡಿಸಿದವರಿಗೆಲ್ಲ ಈ ಸುಖದ ರುಚಿ ಗೊತ್ತಿರುತ್ತದೆ.

ವುಯಿ ವುಯಿ ಹಾಡುಗಳ ಹೆಸರುಗಳೇ ಒಂದನೇ ತರಗತಿಯ ಪಾಠಗಳ ಹಾಗಿವೆ: ‘ಲೆ ಕಾಯು’ ಅಂದರೆ ಬೆಣಚುಕಲ್ಲುಗಳು, ‘ಮಾ ಮೆಜೋಂ’ ಅಂದರೆ ನನ್ನ ಮನೆ, ‘ಲಾ ವಿಲ್’ ಅಂದರೆ ಪಟ್ಟಣ. ವಿಡಿಯೊಗಳೂ ಹಾಗೆಯೇ, ಮಗುವೊಂದು ಮಧ್ಯಾಹ್ನವಿಡೀ ನೆಲದ ಮೇಲೆ ಕೂತು ಕಟ್ಟಿದ ಲೋಕದಂತೆ. ಬ್ಯಾಂಡಿನ ಗೆಳೆಯರು, ಕೈಯಲ್ಲಿ ಮಾಡಿದ ಗೊಂಬೆಗಳು, ಕತ್ತರಿಸಿದ ಆಕಾರಗಳು ಎಲ್ಲ ಒಂದೇ ಚೌಕಟ್ಟಿನೊಳಗೆ ಬದುಕುತ್ತವೆ. ಅಂಟು ಹಚ್ಚಿದ್ದು, ಕತ್ತರಿ ಆಡಿದ್ದು ಕಾಣಿಸುತ್ತದೆ. ಕಾಣಿಸಿದರೂ ಮೋಡಿ ಕಡಿಮೆಯಾಗುವುದಿಲ್ಲ. ಹೀಗೆ ಮಾಡಿದ್ದು ಮನುಷ್ಯನೇ, ಕೈಯಿಂದಲೇ ಎಂದು ಗೊತ್ತಾದಾಗ ಅದು ಇಮ್ಮಡಿಸುತ್ತದೆ.

ಆ ಹೊತ್ತಿಗೆ ಮ್ಯೂಸಿಕ್ ವಿಡಿಯೊ ಎಂಬುದು ದೊಡ್ಡ ದಂಧೆಯಾಗಿ ಬೆಳೆದಿತ್ತು. ಅಮೆರಿಕದಲ್ಲಿ ಎಂಟಿವಿ 1981ರಲ್ಲಿ ಶುರುವಾಗಿತ್ತು, ಫ್ರಾನ್ಸಿನಲ್ಲಿ 1987ರಲ್ಲಿ ಬಂದ ‘ಎಂ6’ ಚಾನೆಲ್ ಹಾಡಿನ ಕ್ಲಿಪ್‌ಗಳಿಗೆ ಧಾರಾಳವಾಗಿ ಜಾಗ ಕೊಟ್ಟಿತ್ತು. ಹೊಗೆ, ನೀಲಿ ಬೆಳಕು, ಗಾಳಿಗೆ ಹಾರುವ ಕೂದಲು, ಸೆಕೆಂಡಿಗೊಂದು ಕಟ್. ಗಾಯಕ ತುಟಿ ಆಡಿಸಬೇಕು, ಉಳಿದದ್ದನ್ನು ಎಡಿಟಿಂಗ್ ಟೇಬಲ್ ನೋಡಿಕೊಳ್ಳುತ್ತದೆ ಎಂಬುದು ರೂಢಿ. ಆ ಪ್ರವಾಹದ ನಡುವೆ ವುಯಿ ವುಯಿಯ ಒಂದು ವಿಡಿಯೊ ಎಂಟಿವಿಯಲ್ಲಿ ಬಂತು. ಅದನ್ನು ಐಸ್‌ಲೆಂಡಿನ ಗಾಯಕಿ ಬ್ಯೋರ್ಕ್ ನೋಡಿದಳು.

ಕಾಡಿನ ಕರಡಿ

ಬ್ಯೋರ್ಕ್ ಆಗಷ್ಟೇ ತನ್ನ ಬ್ಯಾಂಡ್ ‘ಶುಗರ್‌ಕ್ಯೂಬ್ಸ್’ ಬಿಟ್ಟು ಲಂಡನ್ನಿಗೆ ಬಂದು, ಒಂಟಿಯಾಗಿ ಮೊದಲ ಆಲ್ಬಂ ಸಿದ್ಧಪಡಿಸುತ್ತಿದ್ದಳು. ಅದರ ಮೊದಲ ಹಾಡು ‘ಹ್ಯೂಮನ್ ಬಿಹೇವಿಯರ್’. ಮನುಷ್ಯರೆಂಬ ವಿಚಿತ್ರ ಜೀವಿಗಳನ್ನು ಪ್ರಾಣಿಯೊಂದು ನೋಡಿ ಬೆರಗಾಗುವ ಹಾಡು ಅದು. ವಿಡಿಯೊ ಮಾಡಿಕೊಡಲು ಆಕೆ ಕೇಳಿದ್ದು, ಆವರೆಗೆ ಹೊರಜಗತ್ತಿಗೆ ಹೆಚ್ಚು ಗೊತ್ತಿರದ ಗೊಂಡ್ರಿಯನ್ನು.

1993ರಲ್ಲಿ ಆ ವಿಡಿಯೊ ಬಂತು. ರಾತ್ರಿಯ ಕಾಡು, ಅದರಲ್ಲೊಂದು ದೈತ್ಯ ಕರಡಿ. ನಿಜವಾದ ಕರಡಿಯಲ್ಲ, ಮಗುವಿನ ಮಂಚದ ಮೇಲಿನ ಟೆಡ್ಡಿಯೇ ಆಳೆತ್ತರ ಮೀರಿ ಬೆಳೆದು ನಿಂತ ಹಾಗೆ. ಅದನ್ನು ಕೊಲ್ಲಲು ಬಂದ ಬೇಟೆಗಾರ, ಕೊನೆಗೆ ಕರಡಿಯ ಹೊಟ್ಟೆಯೊಳಗೆ ಕೂತು ಹಾಡುವ ಬ್ಯೋರ್ಕ್. ನಡುವೆ ಒಂದು ಮುಳ್ಳುಹಂದಿ ಸುಳಿಯುತ್ತದೆ. ಅದು ಸೋವಿಯತ್ ನಿರ್ದೇಶಕ ಯೂರಿ ನೋರ್ಸ್ಟೈನ್ 1975ರಲ್ಲಿ ಮಾಡಿದ ‘ಹೆಡ್ಜ್‌ಹಾಗ್ ಇನ್ ದ ಫಾಗ್’ ಎಂಬ ಪುಟ್ಟ ಚಿತ್ರಕ್ಕೆ ಗೊಂಡ್ರಿ ಮಾಡಿದ ನಮಸ್ಕಾರ. ಕತ್ತರಿಸಿದ ಕಾಗದದ ತುಂಡುಗಳನ್ನು ಗಾಜಿನ ಪದರಗಳ ಮೇಲಿಟ್ಟು, ಇಂಚಿಂಚಾಗಿ ಸರಿಸಿ ಮಂಜನ್ನೂ ಭಯವನ್ನೂ ಕಟ್ಟಿದ ಆ ಚಿತ್ರ ನೋಡಿದವರಿಗೆ, ಗೊಂಡ್ರಿಯ ಕಾಡಿಗೆ ಕತ್ತಲು ಎಲ್ಲಿಂದ ಬಂತೆಂದು ಕೂಡಲೇ ಹೊಳೆಯುತ್ತದೆ.

ಇದೇ 1993ರಲ್ಲಿ ‘ಜುರಾಸಿಕ್ ಪಾರ್ಕ್’ ತೆರೆ ಕಂಡಿತು. ಕಂಪ್ಯೂಟರಿನಲ್ಲಿ ಹುಟ್ಟಿದ ಡೈನೊಸಾರ್‌ಗಳು ನಿಜವೆಂದೇ ನಂಬಿಸಿ ಜಗತ್ತನ್ನು ಹೆದರಿಸಿದವು. ಅದೇ ವರ್ಷ ಗೊಂಡ್ರಿಯ ಕರಡಿ ತಾನು ಗೊಂಬೆ ಎಂದು ಒಪ್ಪಿಕೊಂಡೇ ಕಾಡಿನಲ್ಲಿ ನಡೆಯಿತು. ನನಗೆ ಡೈನೊಸಾರ್ ಈಗ ಹೆದರಿಕೆ ಹುಟ್ಟಿಸುವುದಿಲ್ಲ. ಕರಡಿ ಮಾತ್ರ ಇವತ್ತಿಗೂ ಒಳಗೆಲ್ಲೋ ತಟ್ಟುತ್ತದೆ. ಸಣ್ಣವರಿದ್ದಾಗ ನಮ್ಮನ್ನು ಹೆದರಿಸಿದ್ದು ನಿಜವಾದ ಪ್ರಾಣಿಗಳಲ್ಲ, ದೀಪ ಆರಿದ ಮೇಲೆ ಬೇರೆಯೇ ಆಗಿ ಕಾಣುತ್ತಿದ್ದ ನಮ್ಮದೇ ಆಟಿಕೆಗಳು.

ಅಲ್ಲಿಂದ ಮುಂದೆ ಕೆಲಸದ ಮೇಲೆ ಕೆಲಸ. ಝಾಂ ಫ್ರಾಂಸ್ವಾ ಕೊಯೆನ್ ಎಂಬ ಗಾಯಕನ ‘ಲಾ ತೂರ್ ದ ಪೀಸ್’ ಹಾಡಿಗೆ ಅವನು ಕಂಡುಕೊಂಡ ದಾರಿ ಎಷ್ಟು ಸರಳವೆಂದರೆ, ನಮಗೇಕೆ ಹೊಳೆಯಲಿಲ್ಲ ಎನಿಸುತ್ತದೆ. ಹಾಡಿನ ಒಂದೊಂದು ಪದವೂ ಬೀದಿಯ ಬೋರ್ಡುಗಳಲ್ಲಿದೆ: ಅಂಗಡಿಯ ಹೆಸರಿನಲ್ಲಿ, ರಸ್ತೆಯ ಫಲಕದಲ್ಲಿ. ಪದ ಕೇಳಿಸಿದ ಕ್ಷಣಕ್ಕೆ ಸರಿಯಾಗಿ ಬೋರ್ಡು ಕಾಣಿಸುತ್ತದೆ. ಮಾರ್ಸೇಯ ರ‍್ಯಾಪ್ ತಂಡ ‘ಇಯಾಮ್’ನ ‘ಝ ದಾನ್ಸ್ ಲ ಮಿಯಾ’ದಲ್ಲಿ ಕ್ಯಾಮೆರಾ ಒಂದು ವಸ್ತುವಿನೊಳಕ್ಕೆ ನುಗ್ಗಿದರೆ ಇನ್ನೊಂದು ದೃಶ್ಯ ತೆರೆಯುತ್ತದೆ, ಅದರೊಳಕ್ಕೆ ನುಗ್ಗಿದರೆ ಮತ್ತೊಂದು. 1994ರ ‘ಲ್ಯೂಕಸ್ ವಿತ್ ದ ಲಿಡ್ ಆಫ್’ ಕಪ್ಪು ಬಿಳುಪಿನಲ್ಲಿ ಒಂದೇ ಶಾಟ್. ಸ್ಟುಡಿಯೊದೊಳಗೆ ಕಟ್ಟಿದ ಸೆಟ್‌ಗಳ ನಡುವೆ ಕ್ಯಾಮೆರಾ ಎಲ್ಲೂ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ತೇಲುತ್ತದೆ. ಸೆಟ್ಟಿನ ಅಂಚು, ಅದರಾಚೆಯ ಖಾಲಿ ಜಾಗ ಎಲ್ಲ ಕಾಣಿಸುತ್ತವೆ, ಗೊಂಡ್ರಿ ಯಾವುದನ್ನೂ ಮುಚ್ಚಿಡುವುದಿಲ್ಲ. ನಾಟಕ ಕಂಪನಿ ಊರಿಗೆ ಬಂದಾಗ ಪರದೆಯ ಪಕ್ಕದಿಂದ ಇಣುಕಿ, ರಾಜ ಬೀಡಿ ಸೇದುವುದನ್ನು ಕಂಡು, ಮರುಕ್ಷಣವೇ ಅವನು ಸಿಂಹಾಸನದಲ್ಲಿ ಕೂತಾಗ ಅವನನ್ನು ರಾಜನೆಂದೇ ನಂಬಿದ ಅನುಭವವಿದ್ದವರಿಗೆ ಈ ವಿಡಿಯೊದ ಖುಷಿ ಬೇಗ ತಲುಪುತ್ತದೆ.

ಗೊಂಡ್ರಿ ಕಂಪ್ಯೂಟರಿನ ವೈರಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1995ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ ‘ಲೈಕ್ ಎ ರೋಲಿಂಗ್ ಸ್ಟೋನ್’ಗೆ ಅವನು ಬೇರೆ ಬೇರೆ ಕೋನಗಳಿಂದ ಒಂದೇ ಕ್ಷಣವನ್ನು ಹಿಡಿದು, ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆಸೆದ. ಕಾಲ ನಿಂತಿದೆ, ನೋಡುವ ಕಣ್ಣು ಮಾತ್ರ ಸುತ್ತುತ್ತಿದೆ. 1999ರಲ್ಲಿ ‘ಮ್ಯಾಟ್ರಿಕ್ಸ್’ ನೋಡಿ ಜಗತ್ತು ಬಾಯಿ ತೆರೆದು ಕೂತ ತಂತ್ರದ ಹತ್ತಿರದ ಬಂಧು ಇದು, ನಾಲ್ಕು ವರ್ಷ ಮೊದಲೇ. ಯಂತ್ರ ಕಂಡುಹಿಡಿದ ಅಜ್ಜನ ರಕ್ತ ಇಲ್ಲಿ ಎದ್ದು ಕಾಣುತ್ತದೆ.

ಬ್ಯೋರ್ಕ್ ಜೊತೆಗಿನ ಕೆಲಸ ಮುಂದುವರಿಯಿತು. 1996ರ ‘ಹೈಪರ್‌ಬಲ್ಲಾಡ್’ ನನಗೆ ಬಹಳ ಪ್ರಿಯ. ಮಲಗಿದ ಬ್ಯೋರ್ಕ್‌ಳ ಮುಖ, ಅದರ ಮೇಲೆ ಹಾಡುವ ಇನ್ನೊಂದು ಮುಖ, ಮಿನುಗುವ ದೀಪಗಳು, ಓಡುವ ಪುಟ್ಟ ಆಕೃತಿ. ಇವೆಲ್ಲ ಆಮೇಲೆ ಬೆಸೆದವಲ್ಲ. ಯಂತ್ರದಿಂದ ಅಳತೆ ತಪ್ಪದೆ ಚಲಿಸುವ ಕ್ಯಾಮೆರಾದಲ್ಲಿ ಒಂದು ಪದರ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಇನ್ನೊಂದು ಪದರ ಹಿಡಿದದ್ದು. ಎಲ್ಲಿಯಾದರೂ ಒಂದು ತಪ್ಪಾದರೆ ಮೊದಲಿನದ್ದೆಲ್ಲವೂ ಹೋಯಿತು. ರಂಗೋಲಿ ಹಾಕುವಾಗ ಕೊನೆಯ ಎಳೆಯಲ್ಲಿ ಕೈ ನಡುಗಿದರೆ ಏನಾಗುತ್ತದೆಂದು ಬಲ್ಲವರಿಗೆ ಈ ಆತಂಕ ಅರ್ಥವಾದೀತು. ಗೊಂಡ್ರಿಯ ಫ್ರಾನ್ಸಿನಲ್ಲೇ 1900ರಲ್ಲಿ ಜಾರ್ಜ್ ಮೆಲಿಯೆಸ್ ಎಂಬ ಜಾದೂಗಾರ ಇದೇ ಉಪಾಯದಿಂದ ತನ್ನನ್ನೇ ಏಳು ಜನರನ್ನಾಗಿಸಿ ಒಂದು ವಾದ್ಯಗೋಷ್ಠಿ ಮಾಡಿ ತೋರಿಸಿದ್ದ. ಗೊಂಡ್ರಿ ಆ ಮನೆತನದವನು.

ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ

‘ವಿಕಟಕವಿ’ಯನ್ನು ಎತ್ತಲಿಂದ ಓದಿದರೂ ವಿಕಟಕವಿಯೇ. ‘ಕುಬೇರನಿಗೇನಿರಬೇಕು’ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು, ತಿರುಗಿಸಿ ಓದಿ ಎಂದ ದಿನ ಇಡೀ ತರಗತಿ ಬೆರಗಾಗಿದ್ದು ನೆನಪಿದೆ. ನಮ್ಮ ಹಳೆಯ ಕವಿಗಳು ಇದಕ್ಕೆ ಗತಪ್ರತ್ಯಾಗತ ಎಂದು ಹೆಸರಿಟ್ಟು ಪದ್ಯಗಳನ್ನೇ ಕಟ್ಟಿದರು. ಅಕ್ಷರದಲ್ಲಿ ಆಗುವ ಈ ಆಟವನ್ನು ಕಾಲದಲ್ಲಿ ಆಡಲು ಸಾಧ್ಯವೇ?

1996ರಲ್ಲಿ ‘ಚೀಬೊ ಮಾಟ್ಟೊ’ ಎಂಬ ಜೋಡಿಗೆ ಗೊಂಡ್ರಿ ಮಾಡಿದ ‘ಶುಗರ್ ವಾಟರ್’ ನೋಡಿ. ನ್ಯೂಯಾರ್ಕಿನಲ್ಲಿ ನೆಲೆಸಿದ ಇಬ್ಬರು ಜಪಾನಿ ಹೆಣ್ಣುಮಕ್ಕಳ ತಂಡ ಅದು. ತೆರೆ ಎರಡು ಭಾಗವಾಗಿದೆ. ಒಂದರಲ್ಲಿ ಒಬ್ಬಳ ದಿನ ಎಂದಿನಂತೆ ಮುಂದಕ್ಕೆ ಸಾಗುತ್ತದೆ. ಇನ್ನೊಂದರಲ್ಲಿ ಮತ್ತೊಬ್ಬಳ ದಿನ ಹಿಂದಕ್ಕೆ ಸಾಗುತ್ತದೆ. ಎರಡರಲ್ಲೂ ಎಲ್ಲೂ ಕಟ್ ಇಲ್ಲ. ಹಾಡಿನ ನಟ್ಟನಡುವೆ ಒಂದು ಕಾರು ಡಿಕ್ಕಿ ಹೊಡೆಯುತ್ತದೆ, ಎರಡು ಕಥೆಗಳೂ ಅಲ್ಲಿ ಸಂಧಿಸುತ್ತವೆ. ಆಮೇಲೆ ಮುಂದೆ ಹೋಗುತ್ತಿದ್ದದ್ದು ಹಿಂದಕ್ಕೆ ಹೊರಳುತ್ತದೆ, ಹಿಂದೆ ಹೋಗುತ್ತಿದ್ದದ್ದು ಮುಂದಕ್ಕೆ. ಮೊದಲ ಸಲ ನೋಡಿದಾಗ ಏನೋ ಚಂದವಿದೆ ಎನಿಸುತ್ತದೆ, ಅಷ್ಟೇ. ಮೂರನೆಯ ಸಲಕ್ಕೆ ಎದೆ ಹಿಡಿಯುತ್ತದೆ. ಮೊದಲು ಅರ್ಥವಾಗದೆ ದಾಟಿದ ಸಣ್ಣ ಚಲನೆಗಳೆಲ್ಲ ಸಾವೊಂದರ ಮುನ್ಸೂಚನೆಗಳು ಅಥವಾ ಅದರ ನೆನಪುಗಳು ಎಂದು ಆಗ ತಿಳಿಯುತ್ತದೆ. ಯಾವುದು ಮುನ್ಸೂಚನೆ, ಯಾವುದು ನೆನಪು ಎಂದು ಬಿಡಿಸಿ ಹೇಳಲು ಮಾತ್ರ ಆಗುವುದಿಲ್ಲ. ಇಷ್ಟನ್ನು ಹೇಳಲು ಬೇರೆಯವರಿಗೆ ಎರಡು ತಾಸಿನ ಸಿನಿಮಾ ಬೇಕು.

ಇನ್ನು 1997ರ ‘ಅರೌಂಡ್ ದ ವರ್ಲ್ಡ್’. ಫ್ರಾನ್ಸಿನ ‘ಡಾಫ್ಟ್ ಪಂಕ್’ ಜೋಡಿಯ ಈ ಹಾಡಿನಲ್ಲಿ ಸಾಹಿತ್ಯವೆಂದರೆ ಶೀರ್ಷಿಕೆಯ ಆ ಮೂರು ಪದಗಳ ಪುನರಾವರ್ತನೆ. ಕಥೆ ಹೇಳೋಣವೆಂದರೆ ಕಥೆಯಿಲ್ಲ, ಭಾವ ತೋರಿಸೋಣವೆಂದರೆ ಹಾಡುವ ಮುಖವಿಲ್ಲ. ನಾನು ಒಂದು ಸಂಜೆ ಕಾಗದ, ಪೆನ್ಸಿಲ್ ಇಟ್ಟುಕೊಂಡು ಇದನ್ನು ನೋಡಿದೆ. ಕೇಳಿಸುವ ಒಂದೊಂದು ಸದ್ದಿಗೂ ಒಂದೊಂದು ಗೆರೆ ಎಳೆದೆ. ಐದು ಗೆರೆಗಳಾದವು. ತೆರೆಯ ಮೇಲೂ ಐದು ಗುಂಪುಗಳು.

ಗ್ರಾಮಫೋನ್ ತಟ್ಟೆಯಂಥ ದುಂಡನೆಯ ವೇದಿಕೆ. ಅದರ ಸುತ್ತ ರೋಬೊಗಳು ನಡೆಯುತ್ತಿವೆ, ಅವು ಹಾಡಿನ ದನಿ. ಟ್ರ್ಯಾಕ್‌ಸೂಟ್ ತೊಟ್ಟ, ಉದ್ದ ಮೈಯ, ಪುಟ್ಟ ತಲೆಯ ಕ್ರೀಡಾಪಟುಗಳು ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಅದು ಬೇಸ್ ಗಿಟಾರ್. ಅದರ ಸ್ವರ ಏರಿದರೆ ಅವರು ಏರುತ್ತಾರೆ, ಇಳಿದರೆ ಇಳಿಯುತ್ತಾರೆ. ಈಜುಗಾರ್ತಿಯರ ವೇಷದ ಹೆಣ್ಣುಮಕ್ಕಳಿಗೆ ಬೇರೆ ಮೆಟ್ಟಿಲುಸಾಲು, ಅವರು ಕೀಬೋರ್ಡಿನ ಎತ್ತರದ ಸ್ವರ. ನಡುವೆ ಕುಣಿಯುವ ಅಸ್ಥಿಪಂಜರಗಳು ಗಿಟಾರ್. ಬಟ್ಟೆ ಸುತ್ತಿದ ಈಜಿಪ್ಟಿನ ಮಮ್ಮಿಗಳು ಡ್ರಮ್ ಮಶೀನ್. ಒಂದು ವಾದ್ಯ ಸುಮ್ಮನಾದರೆ ಅದರ ಗುಂಪೂ ಸುಮ್ಮನಾಗುತ್ತದೆ. ನೃತ್ಯ ಸಂಯೋಜನೆ ಸ್ಪೇನ್ ಮೂಲದ ಬ್ಲಾಂಕಾ ಲಿ ಅವರದು, ವೇಷಭೂಷಣ ಫ್ಲೋರಾನ್ಸ್ ಫೊಂಟೇನ್ ಅವರದು. ಗೊಂಡ್ರಿ ಸಂಘಟಿತ ನೃತ್ಯಕ್ಕೆ ಕೈಹಾಕಿದ್ದು ಇದೇ ಮೊದಲು. ವಿಡಿಯೊಗಳಲ್ಲಿ ನೃತ್ಯವನ್ನು ಕತ್ತರಿಸಿ ಕತ್ತರಿಸಿ ಹಾಳುಮಾಡುತ್ತಾರೆಂಬ ಬೇಸರ ಅವನಿಗಿತ್ತು. ಆದ್ದರಿಂದ ಇಲ್ಲಿ ಕ್ಯಾಮೆರಾ ದೂರ ನಿಂತು, ಎಲ್ಲರ ಕಾಲೂ ಕಾಣುವ ಹಾಗೆ ನೋಡುತ್ತದೆ.

ಮದ್ದಲೆಯ ಪೆಟ್ಟಿಗೆ ಕಾಲು ಉತ್ತರ ಕೊಡುವುದನ್ನು ಯಕ್ಷಗಾನದಲ್ಲಿ ರಾತ್ರಿಯಿಡೀ ನೋಡಿದವರಿಗೆ ಇದು ಹೊಸದಲ್ಲ ಎನಿಸಬಹುದು. ಆದರೆ ಅಲ್ಲಿ ಒಂದು ಮೈ ಇಡೀ ತಾಳವನ್ನು ಹೊರುತ್ತದೆ, ಇಲ್ಲಿ ಹಾಡನ್ನೇ ಬಿಡಿಸಿ ಹರವಿದ್ದಾನೆ. ಗಡಿಯಾರ ಬಿಚ್ಚಿ ಒಂದೊಂದು ಗಾಲಿಯನ್ನೂ ಮೇಜಿನ ಮೇಲೆ ಜೋಡಿಸಿ, ಅದು ಓಡುತ್ತಿರುವಾಗಲೇ ತೋರಿಸಿದ ಹಾಗೆ. ಈ ವಿಡಿಯೊ ನೋಡುವ ಮುಂಚೆ ನನಗೆ ಆ ಹಾಡಿನಲ್ಲಿ ಕೇಳಿಸುತ್ತಿದ್ದುದು ಒಂದು ಗದ್ದಲ. ನೋಡಿದ ಮೇಲೆ ಐದು ಜನ ಮಾತಾಡುವುದು ಕೇಳಿಸತೊಡಗಿತು. ಕಣ್ಣು ಕಿವಿಗೆ ಪಾಠ ಹೇಳಿಕೊಟ್ಟಿತು. ಸಂಗೀತದ ಬಗ್ಗೆ ನನಗೆ ಯಾವ ಪುಸ್ತಕವೂ ಇಷ್ಟು ಕಲಿಸಿಲ್ಲ.

ಅದೇ ವರ್ಷದ ‘ಎವರ್‌ಲಾಂಗ್’ನಲ್ಲಿ ‘ಫೂ ಫೈಟರ್ಸ್’ನ ಗಾಯಕನ ಕೈ ಕನಸಿನಲ್ಲಿ ರಾಕ್ಷಸಾಕಾರಕ್ಕೆ ಊದಿಕೊಳ್ಳುತ್ತದೆ. ಕೈಗಳು ದೊಡ್ಡದಾಗುವ ಆ ದುಃಸ್ವಪ್ನ ಗೊಂಡ್ರಿಗೆ ಬಾಲ್ಯದಲ್ಲಿ ಪದೇ ಪದೇ ಬೀಳುತ್ತಿತ್ತು. ನಮ್ಮಲ್ಲಿ ಅನೇಕರು ಅಂಥದ್ದನ್ನು ಬೆಳಗಿನ ಕಾಫಿಯ ಹೊತ್ತಿಗೆ ಮರೆತುಬಿಡುತ್ತೇವೆ. ಅವನು ಅದನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದ.

‘ಎಟರ್ನಲ್ ಸನ್‌ಶೈನ್’ನ ಬರವಣಿಗೆಗೆ ಗೊಂಡ್ರಿಗೆ, ಜೊತೆಗೆ ಬರೆದ ಚಾರ್ಲಿ ಕಾಫ್‌ಮನ್ ಮತ್ತು ಪಿಯೆರ್ ಬಿಸ್ಮುತ್ ಜೊತೆ ಆಸ್ಕರ್ ಬಂದಾಗ, ಅದನ್ನು ಮೆಚ್ಚಿದವರು ಅದರ ಕಥೆಯನ್ನು ಮೆಚ್ಚಿದರು. ಆದರೆ ಅದರ ಒಂದು ದೃಶ್ಯದಲ್ಲಿ ನಟ ಜಿಮ್ ಕ್ಯಾರಿ ವೈದ್ಯರ ಕೋಣೆಯಲ್ಲಿ ಎರಡು ಕಡೆ ಕಾಣಿಸುತ್ತಾನೆ, ನೆನಪಿನೊಳಗಿನವನಾಗಿ ಒಮ್ಮೆ, ನೆನಪನ್ನು ನೋಡುವವನಾಗಿ ಒಮ್ಮೆ. ಕಂಪ್ಯೂಟರ್ ಇಲ್ಲ. ಕ್ಯಾಮೆರಾ ಆಚೆ ತಿರುಗಿದ ಕೂಡಲೇ ನಟ ಅದರ ಬೆನ್ನ ಹಿಂದಿನಿಂದ ಓಡಿ, ಓಡುತ್ತಲೇ ಬಟ್ಟೆ ಬದಲಿಸಿ, ಇನ್ನೊಂದು ಕಡೆ ಹೋಗಿ ನಿಲ್ಲಬೇಕು. ಬೋಲೆಕ್ಸ್‌ಗೆ ಕೀಲಿ ಕೊಡುತ್ತಿದ್ದ ಹುಡುಗನ ಕೆಲಸವಲ್ಲದೆ ಇದು ಇನ್ನೇನು?

ಆ ಚಿತ್ರ ಬರುವುದಕ್ಕೂ ಎರಡು ವರ್ಷ ಮೊದಲು, 2002ರಲ್ಲಿ, ‘ಕೆಮಿಕಲ್ ಬ್ರದರ್ಸ್’ನ ‘ಸ್ಟಾರ್ ಗಿಟಾರ್’ಗಾಗಿ ಅವನು ನೀಮ್ ಮತ್ತು ವಾಲಾನ್ಸ್ ನಡುವಿನ ರೈಲಿನ ಕಿಟಕಿಯಿಂದ ಚಿತ್ರೀಕರಿಸಿದ. ದಿನದ ಬೇರೆ ಬೇರೆ ಹೊತ್ತಿನ ಬೆಳಕು ಸಿಗಲೆಂದು ಹತ್ತು ಸಲ. ಕಂಬ, ಸೇತುವೆ, ಕಟ್ಟಡ, ಎದುರು ಬರುವ ರೈಲು, ಎಲ್ಲವೂ ಒಂದೊಂದು ಸದ್ದಿಗೆ ಸರಿಯಾಗಿ ಕಿಟಕಿಯ ಮುಂದೆ ಹಾದುಹೋಗುತ್ತವೆ. ಹಾಡನ್ನು ಅವನು ಮೊದಲು ಚೌಕುಳಿ ಹಾಳೆಯ ಮೇಲೆ ಗುರುತು ಹಾಕಿಕೊಂಡ. ಆಮೇಲೆ ಕೈಗೆ ಸಿಕ್ಕ ಮನೆಯ ಸಾಮಾನುಗಳನ್ನು ಸಾಲಾಗಿ ಜೋಡಿಸಿ ನೋಡಿದ: ಪುಸ್ತಕ, ಕ್ಯಾಸೆಟ್, ಗಾಜಿನ ಲೋಟ, ಫೋರ್ಕ್, ಶೂ. ನಡುನಡುವೆ, ಲೆಕ್ಕ ತಪ್ಪದಂತೆ, ಕಿತ್ತಳೆ ಹಣ್ಣುಗಳು.